ಬಣ್ಣದ ಬನ್ನಿ ಟೇಲ್ ಬೀಜ ಕೊಳ್ಳುವ ಮುಂಚೆ ಇದನ್ನು ಓದಿ

ಪುಣೆ, ಮುಂಬೈಯಲ್ಲಿ ಟೆರೇಸ್ ಮೇಲೆ ಗಿಡ ಬೆಳೆಸುವ ನಮ್ಮ ಕನ್ನಡದವರಿಗೆ ಒಂದು ಮಾತು. ಬನ್ನಿ ಟೇಲ್ ಅಂದರೆ ಮೊಲದ ಬಾಲದ ಹಾಗೆ ಮೆತ್ತನೆ ತೆನೆ ಬಿಡುವ ಅಲಂಕಾರದ ಹುಲ್ಲು. ಅದು ನೀಲಿ, ಗುಲಾಬಿ, ನೇರಳೆ ಬಣ್ಣದಲ್ಲಿ ಬೆಳೆಯುತ್ತೆ ಅಂತ ಆನ್‌ಲೈನ್‌ನಲ್ಲಿ ಬೀಜ ಮಾರುತ್ತಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಆ ಹುಲ್ಲಿನ ತೆನೆ ಎಳೆಯದಾಗಿದ್ದಾಗ ತಿಳಿಹಸಿರು, ಬಲಿತರೆ ಕೆನೆಬಣ್ಣ, ಅಷ್ಟೇ. ಅಂಗಡಿಯಲ್ಲಿ ಕಾಣುವ ಬಣ್ಣದ ಗೊಂಚಲುಗಳಿಗೆ ಒಣಗಿಸಿದ ಮೇಲೆ ಬಣ್ಣ ಹಾಕಿರುತ್ತಾರೆ.

ದೀಪಾವಳಿ ಮುಗಿದ ಮೇಲೆ ಪುಣೆಯ ಕೋಥ್ರೂಡ್‌ನ ನಮ್ಮ ಮನೆಗೂ ಅಂಥ ಪೊಟ್ಟಣ ಬಂತು. ಮಗಳು ಆಸೆಪಟ್ಟು ತರಿಸಿದ್ದಳು. ಮೇಲೆ ಚಂದದ ಚಿತ್ರ ಬಿಟ್ಟರೆ ಏನೂ ಇಲ್ಲ. ಬೀಜ ಯಾರು ಬೆಳೆದದ್ದು, ಯಾವಾಗ ಪರೀಕ್ಷೆ ಮಾಡಿದ್ದು, ನೂರಕ್ಕೆ ಎಷ್ಟು ಮೊಳೆಯುತ್ತೆ, ಯಾವುದೂ ಬರೆದಿರಲಿಲ್ಲ. ಅಂಗೈಗೆ ಸುರಿದರೆ ಗುಂಡಗೆ, ಕಪ್ಪಗೆ ಮಿರಿಮಿರಿ ಹೊಳೆಯುವ ಸಣ್ಣ ಕಾಳು. ನಿಜವಾದ ಬನ್ನಿ ಟೇಲ್ ಬೀಜ ತಿಳಿಕಂದು. ಮೈಮೇಲೆ ರೋಮ, ಜೊತೆಗೆ ಕೂದಲೆಳೆಯಷ್ಟು ಸಣ್ಣ ಬಾಲ.

ಮೊಳಕೆ ಬಂದಾಗ ಅನುಮಾನ ಖಾತ್ರಿಯಾಯಿತು. ಹುಲ್ಲಾದರೆ ರಾಗಿ ಪೈರಿನ ಹಾಗೆ ಒಂಟಿ ಎಳೆ ಮೇಲೇಳಬೇಕು ಅಲ್ವಾ? ಇಲ್ಲಿ ಎಲ್ಲದಕ್ಕೂ ಎರಡೆರಡು ಎಲೆ. ಆಮೇಲೆ ಕಾಂಡ ಕೆಂಪಾಯಿತು, ಎಲೆ ಬುಡದಲ್ಲಿ ಚೂಪಾದ ಜೋಡಿ ಮುಳ್ಳು ಬಂತು. ಪಕ್ಕದ ಮನೆಯ ಧಾರವಾಡದ ಅಕ್ಕ ನೋಡಿದವರೇ, "ಇದು ಮುಳ್ಳ ಹರಿವಿ ಅಲ್ಲೇನ್ರೀ, ಹೂ ಬಿಡೂದ್ರಾಗ ಕಿತ್ತ ಒಗೀರಿ" ಅಂದರು.

ಮಾರಿದವನಿಗೆ ಫೋಟೊ ಕಳಿಸಿದರೆ, ಗೊಬ್ಬರ ಜಾಸ್ತಿ ಹಾಕಿ, ಬಣ್ಣ ಬರುತ್ತೆ ಅನ್ನುವ ಉತ್ತರ. ದುಡ್ಡು ಹೋಗಿದ್ದಕ್ಕಿಂತ, ಹೀಗೆ ಮನೆಮನೆಗೆ ಕಳೆ ಹಂಚುತ್ತಿದ್ದಾರಲ್ಲ ಅಂತ ನನಗೆ ಸಂಕಟ. ಮೈ ಕೈ ತುರಿಸುವ ಪಾರ್ಥೇನಿಯಂ ಕಳೆ ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇದೇ ಪುಣೆಯಲ್ಲಿ. ಈಗ ಅದಿಲ್ಲದ ಊರು ಎಲ್ಲಿದೆ ಹೇಳಿ?

ಬನ್ನಿ ಟೇಲ್‌ಗೆ ಗೊಬ್ಬರವೇ ಅಷ್ಟಾಗಿ ಬೇಡ. ಜಾಸ್ತಿಯಾದರೆ ಎಲೆ ಸೊಕ್ಕಿ ತೆನೆ ಕಮ್ಮಿಯಾಗುತ್ತೆ. ಮೆಡಿಟರೇನಿಯನ್ ಕಡೆಯ ಹುಲ್ಲು, ಒಂದೇ ವರ್ಷದ ಬಾಳು. ಪುಣೆಯಲ್ಲಾದರೆ ಮಳೆ ನಿಂತು ಚಳಿ ಶುರುವಾದಾಗ ಬಿತ್ತಿ. ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಒಣಗಿಸಲು ಬೇಕಿದ್ದರೆ ತೆನೆ ಪೂರ್ತಿ ಬಲಿಯುವ ಮುಂಚೆ ಕೊಯ್ದು ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ.

ಪೊಟ್ಟಣ ಈಗಾಗಲೇ ಬಂದಿದ್ದರೆ ಬಿತ್ತಬೇಡಿ. ಬಿತ್ತಿದ್ದರೆ ಹೂವಾಗುವ ಮುಂಚೆ ಬುಡಸಮೇತ ಕೀಳಿ. ಬಿಲ್ಲು, ಬೀಜ, ಪೊಟ್ಟಣದ ಫೋಟೊ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾವೂ ಕೊಟ್ಟಿದ್ದೇವೆ.