ಮುಂಬೈಯ ಪೆಡರ್ ರೋಡಿನ ಸಿನಿಮಾ ಮ್ಯೂಸಿಯಂಗೆ ದೊಡ್ಡಪ್ಪನ ಜೊತೆ

ಮೊದಲೇ ಹೇಳಿಬಿಡುತ್ತೇನೆ, ಸೋಮವಾರ ಹೋಗಬೇಡಿ, ರಜೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಜೋತಾಡಿಕೊಂಡು, ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಟ್ಯಾಕ್ಸಿಗೂ ದುಡ್ಡು ಕೊಟ್ಟು ಮುಚ್ಚಿದ ಗೇಟು ನೋಡಿ ಬಂದ ಜಾಣೆ ನಾನು.

ಓದುತ್ತಿರುವುದು ಮಾಸ್ ಮೀಡಿಯಾ. ಮೊದಲ ವರ್ಷ ಕಾಲೇಜಿನವರೇ ಇಲ್ಲಿಗೆ ಕರೆತಂದಿದ್ದರು. ಒಂದೇ ಗಂಟೆಯಲ್ಲಿ ಎರಡೂ ಕಟ್ಟಡ ಸುತ್ತಿಸಿ, ಗ್ರೂಪ್ ಫೋಟೋ ತೆಗೆಸಿ, ಬಸ್ ಹತ್ತಿಸಿದರು. ಎಸಿಯ ತಂಪು ಬಿಟ್ಟರೆ ಏನೂ ನೆನಪಿರಲಿಲ್ಲ. ಈ ಸಲ ಪ್ರಾಜೆಕ್ಟಿನ ನೆಪದಲ್ಲಿ ದೊಡ್ಡಪ್ಪನನ್ನು ಎಬ್ಬಿಸಿಕೊಂಡು ಹೋದೆ. ಕುಂದಾಪುರದಿಂದ ಬಂದು ಕುರ್ಲಾದ ಒಂದು ಥಿಯೇಟರಿನಲ್ಲಿ ಇಪ್ಪತ್ತೆಂಟು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಆ ಥಿಯೇಟರ್ ಈಗಿಲ್ಲ.

ರಾಷ್ಟ್ರೀಯ ಭಾರತೀಯ ಸಿನಿಮಾ ಸಂಗ್ರಹಾಲಯ ಉದ್ಘಾಟನೆಯಾಗಿದ್ದು 2019ರ ಜನವರಿಯಲ್ಲಿ. ಗುಲ್ಶನ್ ಮಹಲ್ ಎಂಬ ಹತ್ತೊಂಬತ್ತನೇ ಶತಮಾನದ ಬಂಗಲೆ ಒಂದು, ಪಕ್ಕದ ಹೊಸ ಕಟ್ಟಡ ಇನ್ನೊಂದು. ಬಂಗಲೆಯಿಂದಲೇ ಶುರುಮಾಡಿ. 1896ರಲ್ಲಿ ಲುಮಿಯೇರ್ ಸಹೋದರರ ಚಿತ್ರಗಳು ಇದೇ ಊರಿನ ವಾಟ್ಸನ್ ಹೋಟೆಲಿನಲ್ಲಿ ತೋರಿಸಲ್ಪಟ್ಟ ದಿನಗಳಿಂದ ಮೂಕಿ, ಟಾಕಿ, ಸ್ಟುಡಿಯೋ ಕಾಲದವರೆಗೆ ಕತೆ ಕೋಣೆಯಿಂದ ಕೋಣೆಗೆ ಸಾಗುತ್ತದೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರಲ್ಲಿ ಬಂದದ್ದು, ಶೂಟಿಂಗ್ ಆದದ್ದು ಕೊಲ್ಹಾಪುರದಲ್ಲಿ ಅಂತ ನಾನು ಓದಿಕೊಂಡದ್ದನ್ನು ಒಪ್ಪಿಸಿದೆ. "ಹಾಂಗಾರೆ ನಮಗಿಂತ ಮುಂಚೆ ಸಿನಿಮಾವೇ ಘಟ್ಟ ಹತ್ತಿ ಬಂದಿತ್ತ್" ಅಂದರು ದೊಡ್ಡಪ್ಪ.

ಹಳೇ ಪ್ರೊಜೆಕ್ಟರ್ ಎದುರು ಮಾತ್ರ ಅವರು ಅಲ್ಲಾಡಲೇ ಇಲ್ಲ. "ಇಂಥದ್ ಎರಡ್ ಇರ್ತಿತ್ ಕಾಣ್ ಮಗಾ. ಒಂದ್ ಓಡ್ತಾ ಇಪ್ಪಗಳೇ ಇನ್ನೊಂದಕ್ಕೆ ರೀಲ್ ಹಾಕಿ ಇಡ್ಕ್." ಎರಡು ಸಾವಿರ ಅಡಿಯ ರೀಲು ಸುಮಾರು ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತದೆ. ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಣುಕುತ್ತದೆ. ಆಗ ಎರಡನೇ ಮಷಿನಿನ ಮೋಟರ್ ಚಾಲೂ. ಏಳೆಂಟು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ, ಆಗ ಚಿತ್ರವನ್ನು ಮೊದಲ ಮಷಿನಿನಿಂದ ಎರಡನೆಯದಕ್ಕೆ ದಾಟಿಸುವ ಚೇಂಜ್‌ಓವರ್. ಇದರ ಮಧ್ಯೆ ಪ್ರೊಜೆಕ್ಟರಿಗೆ ಬೆಳಕು ಕೊಡುತ್ತಾ ಉರಿದು ಸವೆಯುವ ಕಾರ್ಬನ್ ಕಡ್ಡಿಗಳ ನಡುವಿನ ಸಂದು ಹೆಚ್ಚಾಗದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬೆಳಕು ಮಂಕು. "ಎಷ್ಟೋ ಪಿಕ್ಚರಿನ ಬಲಗಡೆ ಮೂಲೆ ಮಾತ್ರ ಕಂಡದ್ದ್ ನಾನ್." ಹೇಳುತ್ತಾ ಬಲಗೈ ಬೆರಳು ಗಾಳಿಯಲ್ಲೇ ಯಾವುದೋ ತಿರುಪನ್ನು ತಿರುಗಿಸುತ್ತಿತ್ತು.

ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ, 1959ರ ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದದ್ದು ಮೈಸೂರಿನ ವಿ.ಕೆ. ಮೂರ್ತಿ ಎಂದು ನಮ್ಮ ಸಿಲಬಸ್ಸಿನಲ್ಲಿದೆ. ಸ್ಕೋಪ್ ಚಿತ್ರ ಫಿಲ್ಮಿನ ಮೇಲೆ ಅಡ್ಡಡ್ಡ ಒತ್ತಿಕೊಂಡಿರುತ್ತದೆ, ಬೇರೆ ಲೆನ್ಸ್ ಹಾಕಿದರೇನೇ ಪರದೆಯ ಮೇಲೆ ಅಗಲವಾಗುವುದು. ಒಮ್ಮೆ ದೊಡ್ಡಪ್ಪ ಆ ಲೆನ್ಸ್ ಹಾಕಲು ಮರೆತರಂತೆ. ಹೀರೋ, ವಿಲನ್, ಎಮ್ಮೆ ಎಲ್ಲ ನುಗ್ಗೆಕಾಯಿಯ ಹಾಗೆ ಸಪೂರ. ಕೆಳಗಿನಿಂದ ಬಂದ ಶಿಳ್ಳೆ ಈಗಲೂ ನೆನಪಿದೆಯಂತೆ. ಇದು ನನ್ನ ಸಿಲಬಸ್ಸಿನಲ್ಲಿಲ್ಲ.

ಹೊಸ ಕಟ್ಟಡಕ್ಕೆ ಬರುವಷ್ಟರಲ್ಲಿ ಅವರ ಮೊಣಕಾಲು ಸೋತಿತ್ತು. ತಂತ್ರಜ್ಞಾನದ ಮಹಡಿ ನನಗೆ ಸಾಕಷ್ಟು ಉಪಯೋಗವಾಯಿತು, ಗಾಂಧಿ ಮತ್ತು ಸಿನಿಮಾ ವಿಭಾಗವನ್ನು ನಿಧಾನವಾಗಿ ಓದಬೇಕು. ಮಕ್ಕಳಿದ್ದರೆ ಅವರಿಗಾಗಿಯೇ ಇರುವ ಸ್ಟುಡಿಯೋದಲ್ಲಿ ಬಿಟ್ಟುಬಿಡಿ.

ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ನನ್ನ ನೋಟ್ಸ್ ಎರಡು ಪುಟ, ಫೋನಿನಲ್ಲಿ ದೊಡ್ಡಪ್ಪನ ಮಾತು ಐವತ್ತು ನಿಮಿಷ. ಬರುವ ಭಾನುವಾರ ತಮ್ಮ ಹಳೇ ಅಸಿಸ್ಟೆಂಟನ್ನೂ ಕರೆತರುತ್ತಾರಂತೆ, ನುಗ್ಗೆಕಾಯಿ ಪ್ರಕರಣದ ತಪ್ಪು ಯಾರದ್ದೆಂದು ಇನ್ನೂ ತೀರ್ಮಾನ ಆಗಿಲ್ಲವಂತೆ.