2018ರ ನಾಲ್ಕು ಕ್ಯಾಮೆರಾ, ಒಂದೇ ಹಳೆಯ ಲೆನ್ಸ್: ಯಾವುದು ಕೈಗೆ ಹೊಂದಿತು?

ಕ್ಯಾನನ್ನೋ ನಿಕಾನೋ ಅನ್ನುವ ವಾದ ಫೋಟೋ ಹವ್ಯಾಸಿಗಳು ಸೇರಿದಲ್ಲೆಲ್ಲ ಶುರುವಾಗುತ್ತದೆ. ಈಗ ಸೋನಿ, ಫ್ಯೂಜಿಯವರೂ ಅದರಲ್ಲಿ ಸೇರಿಕೊಂಡಿದ್ದಾರೆ. ಮಾತು ಮಾತ್ರ ಬಣ್ಣ ಯಾರದ್ದು ಚೆಂದ, ಫೋಟೋ ಯಾರದ್ದು ಶಾರ್ಪ್ ಅನ್ನುವುದರ ಸುತ್ತಲೇ ಸುತ್ತುತ್ತದೆ. ನನ್ನ ಲೆಕ್ಕದಲ್ಲಿ ಅದರಲ್ಲಿ ವಾದ ಮಾಡುವಷ್ಟು ಅಂತರ ಈಗ ಉಳಿದಿಲ್ಲ. ಏನಾದರೂ ಕೈಕೊಟ್ಟಾಗ ನೋಡಿ, ಆಗ ಅಂತರ ಕಾಣುತ್ತದೆ. ಸೆನ್ಸರ್ (ಒಳಗೆ ಚಿತ್ರ ಹಿಡಿಯುವ ಚಿಪ್) ಮೇಲೆ ಧೂಳು ಕೂತಾಗ, ಫೋಕಸ್ ತಪ್ಪಿದಾಗ, ಹಳೆಯ ಲೆನ್ಸ್ ಹಾಕಿದರೆ ಶಟರ್ರೇ ಬೀಳದಿದ್ದಾಗ ಕಾರಣ ಎಷ್ಟು ಬೇಗ ಸಿಗುತ್ತದೆ? ನಾನು ಕ್ಯಾಮೆರಾ ಅಳೆಯುವುದು ಇದರಲ್ಲಿ.

ಹೋಲಿಕೆ ನ್ಯಾಯವಾಗಿರಲಿ ಅಂತ ಒಂದೇ ವರ್ಷದ ಬಾಡಿಗಳನ್ನು (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಆರಿಸಿಕೊಂಡೆ. ಸೋನಿ ಎ7 ಮಾರ್ಕ್ 3, ನಿಕಾನ್ ಝಡ್6, ಕ್ಯಾನನ್ ಇಒಎಸ್ ಆರ್, ಫ್ಯೂಜಿ ಎಕ್ಸ್-ಟಿ3. ನಾಲ್ಕೂ 2018ರಲ್ಲಿ ಬಂದವು. ಹೊಸದು ಕೊಳ್ಳಲು ಆಗದ ಹವ್ಯಾಸಿಗಳು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವುದು ಹೆಚ್ಚಾಗಿ ಇಂಥವನ್ನೇ. ಒಂದು ನನ್ನದು, ಉಳಿದವು ಗೆಳೆಯರದ್ದು. ಅದಲುಬದಲು ಮಾಡಿಕೊಂಡು ಬಳಸಿದೆವು. ಎಲ್ಲದಕ್ಕೂ ಅದರದರ ಲೆನ್ಸ್ ಜೊತೆಗೆ ಒಂದು ಹಳೆಯ ಹೀಲಿಯೋಸ್ 44-2 ಕೂಡ ಹಾಕಿ ನೋಡಿದೆ. 58 ಎಂಎಂ, ಎಫ್/2, ಎಂ42 ಸ್ಕ್ರೂ ಮೌಂಟ್ (ಮೌಂಟ್ ಅಂದರೆ ಲೆನ್ಸ್ ಬಾಡಿಗೆ ಕೂರುವ ಜಾಗ). ವಿದ್ಯುತ್ ಸಂಪರ್ಕವೇ ಇಲ್ಲದ, ಬಾಡಿಯ ಜೊತೆ ಒಂದು ಮಾತೂ ಆಡದ ಲೆನ್ಸ್ ಅದು. ಬಾಡಿಯ ನಿಜವಾದ ಗುಣ ಗೊತ್ತಾಗಲು ಅಂಥದ್ದೇ ಬೇಕು.

ಕೈಗೆ ಹಿಡಿದಾಗ

ಹಿಡಿತದಲ್ಲಿ ಝಡ್6 ಮುಂದೆ. ಗ್ರಿಪ್ ಆಳವಾಗಿದೆ, ಕಿರುಬೆರಳಿಗೂ ಜಾಗ ಸಿಗುತ್ತದೆ. ಇಒಎಸ್ ಆರ್ ಹಿಡಿತವೂ ಚೆನ್ನಾಗಿದೆ. ಆದರೆ ಹಿಂದಿರುವ ಆ ಟಚ್ ಬಾರ್‌ಗೆ ನನ್ನ ಹೆಬ್ಬೆರಳು ಒಗ್ಗಲೇ ಇಲ್ಲ. ಕ್ಯಾನನ್ ಅದನ್ನು ಆಮೇಲಿನ ಆರ್5, ಆರ್6ರಲ್ಲಿ ಬಿಟ್ಟಿದೆ. ಎ7 ಮಾರ್ಕ್ 3 ಚಿಕ್ಕದು, ದೊಡ್ಡ ಲೆನ್ಸ್ ಹಾಕಿದರೆ ಬೆರಳು ಇಕ್ಕಟ್ಟಾಗುತ್ತದೆ. ಎಕ್ಸ್-ಟಿ3ರಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಅಂಕಿ), ಶಟರ್ ಸ್ಪೀಡ್ ಎಲ್ಲ ಮೇಲಿನ ಡಯಲ್‌ನಲ್ಲೇ ಇವೆ. ಕ್ಯಾಮೆರಾ ಆಫ್ ಇದ್ದಾಗಲೂ ಸೆಟ್ಟಿಂಗ್ ಏನಿದೆ ಅಂತ ಕಣ್ಣಿಗೆ ಕಾಣುತ್ತದೆ. ಫೋಟೋ ಕಪ್ಪಾಗಿ ಬಂದರೆ ಮೆನುವಿಗೆ ಹೋಗಬೇಕಾಗಿಲ್ಲ, ಡಯಲ್ ನೋಡಿದರೆ ಸಾಕು. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಬ್ರಾಂಡ್ ಬದಲಿಸುವವರಿಗೆ ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ನಿಕಾನ್ ಲೆನ್ಸ್ ಕೂರಿಸಲು ತಿರುಗಿಸುವ ದಿಕ್ಕು ಉಳಿದ ಮೂರಕ್ಕೆ ತದ್ವಿರುದ್ಧ. ಝೂಮ್ ರಿಂಗ್ ಕೂಡ ಕ್ಯಾನನ್ ಒಂದು ಕಡೆ ತಿರುಗಿದರೆ ನಿಕಾನ್ ಇನ್ನೊಂದು ಕಡೆ. ಬೇರೆ ಬ್ರಾಂಡಿಗೂ ಲೆನ್ಸ್ ಮಾಡುವ ಕಂಪನಿಗಳಲ್ಲಿ ಸಿಗ್ಮಾ ಝೂಮ್‌ಗಳು ಕ್ಯಾನನ್ ದಿಕ್ಕಿನವು, ಟ್ಯಾಮ್ರಾನ್ ನಿಕಾನ್ ದಿಕ್ಕಿನವು. ಹಕ್ಕಿ ಹಾರುವ ಹೊತ್ತಿಗೆ ಕೈ ಹಳೆಯ ಅಭ್ಯಾಸದಂತೆ ತಿರುಗುತ್ತದೆ, ಫ್ರೇಮ್ ಬೇರೆಯೇ ಆಗಿರುತ್ತದೆ. ಲೆನ್ಸ್ ಸಿಕ್ಕಿಹಾಕಿಕೊಂಡಂತೆ ಅನಿಸಿದರೆ ಬಲ ಹಾಕಬೇಡಿ. ಮೊದಲು ದಿಕ್ಕು ನೋಡಿ.

ಧೂಳಿನ ವಿಷಯ

ಇಲ್ಲಿ ಇಒಎಸ್ ಆರ್ ನನಗೆ ಬಹಳ ಹಿಡಿಸಿತು. ಆಫ್ ಮಾಡಿದ ಕೂಡಲೇ ಅದರ ಶಟರ್ ಪರದೆ ಮುಚ್ಚಿಕೊಳ್ಳುತ್ತದೆ. ಲೆನ್ಸ್ ಬದಲಿಸುವಾಗ ಸೆನ್ಸರ್ ಬಯಲಿಗೆ ಬೀಳುವುದಿಲ್ಲ. ಉಳಿದ ಮೂರರಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ನೇರ ಎದುರಿಗೇ ಇರುತ್ತದೆ. ಸೋನಿ ಕೂಡ ಆಮೇಲೆ ಎ7 ಮಾರ್ಕ್ 4ರಲ್ಲಿ ಈ ಸೌಲಭ್ಯ ಕೊಟ್ಟಿತು. ಒಂದು ಎಚ್ಚರಿಕೆ: ಆ ಪರದೆ ತುಂಬಾ ತೆಳು. ಅದಕ್ಕೆ ಬೆರಳು ತಾಗಿಸುವುದು ಸೆನ್ಸರ್‌ನ ಗಾಜಿಗೆ ತಾಗಿಸುವುದಕ್ಕಿಂತ ಅಪಾಯ.

ಧೂಳು ಇದೆಯಾ ಅಂತ ತಿಳಿಯಲು ಎಲ್ಲ ಬ್ರಾಂಡಿಗೂ ಒಂದೇ ದಾರಿ. ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ಎಫ್/16ಕ್ಕೆ ಇಡಿ, ಐಎಸ್‌ಒ ಕಡಿಮೆ ಮಾಡಿ, ಫೋಕಸ್ ಪೂರ್ತಿ ತಪ್ಪಿಸಿ. ಬಿಳಿ ಗೋಡೆ ಅಥವಾ ಮೋಡವಿಲ್ಲದ ಆಕಾಶದ ಫೋಟೋ ತೆಗೆಯಿರಿ. ಗೋಡೆಯಾದರೆ ನಿಧಾನ ಶಟರ್ ಇಟ್ಟು ಕ್ಯಾಮೆರಾ ಸ್ವಲ್ಪ ಅಲ್ಲಾಡಿಸಿ. ಗೋಡೆಯ ಕಲೆಗಳು ಕಲಸಿ ಹೋಗುತ್ತವೆ, ಸೆನ್ಸರ್ ಮೇಲಿನ ಚುಕ್ಕೆ ಮಾತ್ರ ಅಲ್ಲೇ ನಿಲ್ಲುತ್ತದೆ. ಈಗ ಚುಕ್ಕೆ ಎಲ್ಲಿದೆ ನೋಡಿ. ಫೋಟೋದಲ್ಲಿ ಮೇಲೆ ಎಡಕ್ಕೆ ಇದ್ದರೆ, ಲೆನ್ಸ್ ತೆಗೆದು ಎದುರಿನಿಂದ ನೋಡುವಾಗ ಅದು ಕೆಳಗೆ ಎಡಕ್ಕೆ ಇರುತ್ತದೆ. ಲೆನ್ಸ್ ಚಿತ್ರವನ್ನು ಪೂರ್ತಿ ತಿರುಗಿಸುತ್ತದೆ, ನಾವು ಎದುರಿಗೆ ಬಂದು ನಿಂತಾಗ ಎಡ-ಬಲ ಮತ್ತೆ ಸರಿಹೋಗುತ್ತದೆ. ಹಾಗಾಗಿ ಮೇಲೆ-ಕೆಳಗೆ ಮಾತ್ರ ಅದಲುಬದಲು. ಇಷ್ಟು ಗೊತ್ತಿದ್ದರೆ ಬ್ಲೋವರ್ ಎಲ್ಲಿಗೆ ಹಿಡಿಯಬೇಕು ಅನ್ನುವ ಗೊಂದಲ ಇರುವುದಿಲ್ಲ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬಿದ್ದರೆ ಬ್ಲೋವರ್‌ಗೂ ಹೋಗದು.

ಹಳೆಯ ಲೆನ್ಸ್ ಹಾಕಿದಾಗ

ನನಗೆ ಬಹಳ ಮುಖ್ಯವಾದ ಪರೀಕ್ಷೆ ಇದು. ಹೀಲಿಯೋಸ್‌ಗೆ ಅಡಾಪ್ಟರ್ ಹಾಕಿ ಶಟರ್ ಒತ್ತಿದರೆ ಫ್ಯೂಜಿ, ಕ್ಯಾನನ್ ಎರಡೂ ಮೊದಲು ಸುಮ್ಮನಿರುತ್ತವೆ. ಹೆದರಬೇಕಾಗಿಲ್ಲ. ಲೆನ್ಸೇ ಇಲ್ಲ ಅಂತ ಬಾಡಿ ತಿಳಿದುಕೊಂಡಿದೆ, ಅಷ್ಟೇ. ಎಕ್ಸ್-ಟಿ3ರಲ್ಲಿ 'ಶೂಟ್ ವಿದೌಟ್ ಲೆನ್ಸ್', ಇಒಎಸ್ ಆರ್‌ನಲ್ಲಿ 'ರಿಲೀಸ್ ಶಟರ್ ವಿದೌಟ್ ಲೆನ್ಸ್' ಅನ್ನುವುದನ್ನು ಆನ್ ಮಾಡಿದರೆ ಸರಿ. ಸೋನಿಯಲ್ಲೂ 'ರಿಲೀಸ್ ವಿದೌಟ್ ಲೆನ್ಸ್' ಅನ್ನುವ ಅದೇ ಸೆಟ್ಟಿಂಗ್ ಇದೆ. ಅಡಾಪ್ಟರ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಇದನ್ನು ನೋಡಿ.

ಶಟರ್ ಬಿದ್ದ ಮೇಲೆ ಬರುವುದು ಅಲುಗಾಟದ ಪ್ರಶ್ನೆ. ಎ7 ಮಾರ್ಕ್ 3, ಝಡ್6 ಎರಡರಲ್ಲೂ ಸೆನ್ಸರೇ ಅಲುಗಾಡಿ ಕೈನಡುಕ ತಡೆಯುವ ವ್ಯವಸ್ಥೆ ಇದೆ. ಇಒಎಸ್ ಆರ್, ಎಕ್ಸ್-ಟಿ3ರಲ್ಲಿ ಇಲ್ಲ. ಆದರೆ ಹಳೆಯ ಲೆನ್ಸ್ ತನ್ನ ಫೋಕಲ್ ಲೆಂತ್ ಎಷ್ಟು ಅಂತ ಹೇಳುವುದಿಲ್ಲ, ನಾವೇ ಹೇಳಬೇಕು. ಸೋನಿಯಲ್ಲಿ ಸ್ಟೆಡಿಶಾಟ್ (ನಡುಕ ತಡೆ) ಸೆಟ್ಟಿಂಗ್‌ಗೆ ಹೋಗಿ ಅಂಕಿ ಕೊಡಬೇಕು. ನಿಕಾನ್‌ನಲ್ಲಿ 'ನಾನ್-ಸಿಪಿಯು ಲೆನ್ಸ್ ಡೇಟಾ' ಅಂತ ಇದೆ, ಅದರಲ್ಲಿ 20 ಲೆನ್ಸ್‌ಗಳ ವಿವರ ತುಂಬಿಡಬಹುದು. ಇದು ನನಗೆ ತುಂಬಾ ಇಷ್ಟವಾಯಿತು. ಅಂಕಿ ತಪ್ಪಿದರೆ ಏನಾಗುತ್ತದೆ ಅಂತ ಬೇಕೆಂದೇ ನೋಡಿದೆ. 58 ಎಂಎಂ ಲೆನ್ಸ್ ಹಾಕಿ ಬಾಡಿಗೆ 200 ಅಂತ ಹೇಳಿದೆ. ಸೆನ್ಸರ್ ಬೇಕಾದ್ದಕ್ಕಿಂತ ಜಾಸ್ತಿ ಅಲುಗಾಡಿ, ಸ್ಟೆಬಿಲೈಸೇಷನ್ ಪೂರ್ತಿ ಆಫ್ ಇದ್ದಾಗಿಗಿಂತ ಕೆಟ್ಟ ಫೋಟೋ ಬಂತು. ಹಳೆಯ ಲೆನ್ಸ್ ಶಾರ್ಪ್ ಇಲ್ಲ ಅನ್ನುವ ಎಷ್ಟೋ ದೂರುಗಳ ಬೇರು ಇಲ್ಲೇ ಇರಬಹುದು ಅಂತ ನನಗೆ ಅನಿಸುತ್ತದೆ.

ವ್ಯೂಫೈಂಡರ್‌ನಲ್ಲಿ ಕೈಯಾರೆ ಫೋಕಸ್ ಮಾಡುವಾಗ ಸೋನಿ ಹಿಂದೆ ಬೀಳುತ್ತದೆ. ಅದರಲ್ಲಿ 23.6 ಲಕ್ಷ ಚುಕ್ಕೆ, ಉಳಿದ ಮೂರರಲ್ಲಿ 36.9 ಲಕ್ಷ. ರೆಪ್ಪೆಗೂದಲಿಗೆ ಫೋಕಸ್ ಇಡುವಾಗ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ಎಕ್ಸ್-ಟಿ3ರ ಸೆನ್ಸರ್ ಚಿಕ್ಕದಾದ್ದರಿಂದ 58 ಎಂಎಂ ಅಲ್ಲಿ 87ರಂತೆ ಕಾಣುತ್ತದೆ. ಮುಖದ ಫೋಟೋಗೆ ಒಳ್ಳೆಯದೇ. ಆದರೆ ಹೀಲಿಯೋಸ್‌ನ ಅಂಚಿನಲ್ಲಿ ಸುಳಿಯುವ ಆ ಹಿನ್ನೆಲೆ ಕತ್ತರಿಸಿ ಹೋಗುತ್ತದೆ. ಆ ಲೆನ್ಸ್ ಕೊಳ್ಳುವುದೇ ಅದಕ್ಕಾಗಿ ಅಲ್ವಾ?

ಆಟೋಫೋಕಸ್ ಇರುವ ಹಳೆಯ ಲೆನ್ಸ್‌ಗಳ ಕಥೆ ಬೇರೆ. ಇಲ್ಲಿ ಕ್ಯಾನನ್ ಗೆಲುವು ಸ್ಪಷ್ಟ. 1987ರಲ್ಲಿ ಇಎಫ್ ಮೌಂಟ್ ತಂದಾಗಲೇ ಅವರು ಮೋಟಾರ್, ಅಪರ್ಚರ್ ಎರಡನ್ನೂ ಲೆನ್ಸ್ ಒಳಗೆ ಇಟ್ಟು ವಿದ್ಯುತ್ತಿನಿಂದ ನಡೆಸಿದರು. ಹಾಗಾಗಿ ಅಡಾಪ್ಟರ್‌ಗೆ ಸಂದೇಶ ದಾಟಿಸುವುದಷ್ಟೇ ಕೆಲಸ. ಹಳೆಯ ಇಎಫ್ ಲೆನ್ಸ್ ಹೊಸ ಬಾಡಿಯಲ್ಲಿ ಸಲೀಸಾಗಿ ನಡೆಯುತ್ತದೆ. ನಿಕಾನ್‌ನ ಎಫ್ ಮೌಂಟ್ 1959ರದ್ದು. ಅದರ ಎಎಫ್-ಡಿ ಲೆನ್ಸ್‌ಗಳಿಗೆ ಫೋಕಸ್ ಮೋಟಾರ್ ಬಾಡಿಯಲ್ಲಿರಬೇಕು. ಅವನ್ನು ಝಡ್ ಬಾಡಿಗೆ ಹಾಕುವ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ. ಎಎಫ್-ಎಸ್ ಲೆನ್ಸ್ ಆದರೆ ಆಟೋಫೋಕಸ್ ಇದೆ, ಎಎಫ್-ಡಿ ಆದರೆ ಕೈಯಲ್ಲೇ ತಿರುಗಿಸಬೇಕು. ಕೊಳ್ಳುವ ಮುಂಚೆ ಲೆನ್ಸ್ ಮೇಲಿನ ಅಕ್ಷರ ಓದಿ.

ನಿಕಾನ್‌ಗೆ ಇನ್ನೊಂದು ಬಲ ಇದೆ. ಝಡ್ ಮೌಂಟ್‌ನಿಂದ ಸೆನ್ಸರ್‌ಗೆ ಬರೀ 16 ಮಿಲಿಮೀಟರ್. ಸೋನಿಯದ್ದು 18. ಆ 2 ಮಿಲಿಮೀಟರ್ ಸಂದಿನಲ್ಲೇ ಸೋನಿ ಲೆನ್ಸ್‌ಗಳನ್ನು ಝಡ್‌ಗೆ ಹಾಕುವ ಆಟೋಫೋಕಸ್ ಅಡಾಪ್ಟರ್‌ಗಳು ಬಂದಿವೆ.

ಹೊಸ ಲೆನ್ಸ್ ಬೇಕು ಅನ್ನುವವರಿಗೆ ಸೋನಿಯೇ ಅನುಕೂಲ. 2011ರಲ್ಲೇ ಅವರು ಇ ಮೌಂಟ್‌ನ ಮೂಲ ವಿವರಗಳನ್ನು ಬೇರೆ ಕಂಪನಿಗಳಿಗೆ ಕೊಟ್ಟರು. ಸಿಗ್ಮಾ, ಟ್ಯಾಮ್ರಾನ್ ಎಲ್ಲ ಧಾರಾಳವಾಗಿ ಸಿಗುತ್ತವೆ. ಇಒಎಸ್ ಆರ್ ಬಳಸುವ ಕ್ಯಾನನ್ ಆರ್‌ಎಫ್ ಮೌಂಟ್‌ಗೆ ಈ ಎರಡು ಕಂಪನಿಗಳ ಆಟೋಫೋಕಸ್ ಲೆನ್ಸ್ ಪ್ರಕಟವಾಗಿದ್ದೇ 2024ರಲ್ಲಿ. ಅದೂ ಚಿಕ್ಕ ಸೆನ್ಸರ್‌ಗೆ.

ಫೋಕಸ್ಸೋ ನಡುಕವೋ

ಓಡುವ ಮಗು, ನಾಯಿ, ಹಕ್ಕಿಯನ್ನು ಹಿಂಬಾಲಿಸುವುದರಲ್ಲಿ ಎ7 ಮಾರ್ಕ್ 3ಕ್ಕೆ ಉಳಿದ ಮೂರೂ ಸಮವಲ್ಲ. ಕಣ್ಣು ಹಿಡಿದರೆ ಬಿಡುವುದಿಲ್ಲ. ನಿಂತ ವಿಷಯಕ್ಕೆ, ಮಂದ ಬೆಳಕಿನಲ್ಲಿ, ಇಒಎಸ್ ಆರ್ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು.

ಯಾವ ಬ್ರಾಂಡ್ ಇರಲಿ, ಫೋಟೋ ಮಸುಕಾಗಿದ್ದರೆ ಲೆನ್ಸ್ ಬೈಯುವ ಮೊದಲು 100 ಪ್ರತಿಶತಕ್ಕೆ ಹಿಗ್ಗಿಸಿ ನೋಡಿ. ಮುಖ ಮಸುಕು, ಹಿಂದಿನ ಎಲೆ ಚೂಪು ಅಂದರೆ ಫೋಕಸ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿನ್ನೆಲೆ ಚೂಪು, ಓಡುವವನ ಕೈಕಾಲು ಮಾತ್ರ ಎಳೆದಿದ್ದರೆ ಶಟರ್ ನಿಧಾನವಾಗಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಫೋಟೋದಲ್ಲಿ ಅಡ್ಡಪಟ್ಟೆ ಬಂದರೆ ಅದು ಎಲ್‌ಇಡಿ ದೀಪದ ಮಿಣುಕು. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಬನ್ನಿ. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ 1/50 ಅಥವಾ 1/100, 60 ಇರುವಲ್ಲಿ 1/60 ಅಥವಾ 1/120 ಇಡಿ.

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನಲ್ಲಿದ್ದ ಫ್ರಂಟ್ ಫೋಕಸ್, ಬ್ಯಾಕ್ ಫೋಕಸ್ (ಫೋಕಸ್ ಬೇಕಾದ್ದಕ್ಕಿಂತ ಮುಂದೆ ಅಥವಾ ಹಿಂದೆ ಬೀಳುವ) ತಲೆನೋವು ಈ ನಾಲ್ಕರಲ್ಲೂ ಹೆಚ್ಚೂಕಡಿಮೆ ಇಲ್ಲ. ಫೋಕಸ್ ಅಳೆಯುವುದು ಫೋಟೋ ತೆಗೆಯುವ ಸೆನ್ಸರೇ ಆದ್ದರಿಂದ.

ಬ್ಯಾಟರಿ, ಕಾರ್ಡ್, ಸಣ್ಣಪುಟ್ಟ ಕಾಟ

ಬ್ಯಾಟರಿಯಲ್ಲಿ ಪೈಪೋಟಿಯೇ ಇಲ್ಲ. ಸಿಪಾ (ಕ್ಯಾಮೆರಾ ಕಂಪನಿಗಳ ಸಂಘ) ಅಳತೆಯಲ್ಲಿ ಎ7 ಮಾರ್ಕ್ 3 ಒಂದು ಚಾರ್ಜಿಗೆ 710 ಫೋಟೋ, ಎಕ್ಸ್-ಟಿ3 390, ಇಒಎಸ್ ಆರ್ 370. ಝಡ್6 ಕೂಡ ಆ ಕೆಳಗಿನ ಸಾಲಿನಲ್ಲೇ. ಯುಎಸ್‌ಬಿ ಹಾಕಿದರೆ ಚಾರ್ಜ್ ಆಗುತ್ತಿಲ್ಲ, ಪೋರ್ಟ್ ಹೋಯಿತು ಅಂತ ಗಾಬರಿಯಾಗುವವರು ಬ್ಯಾಟರಿಯ ಹೆಸರು ನೋಡಬೇಕು. ಝಡ್6ರಲ್ಲಿ ಇಎನ್-ಇಎಲ್15ಬಿ ಬಾಡಿಯೊಳಗೇ ಚಾರ್ಜ್ ಆಗುತ್ತದೆ. ಅದೇ ಆಕಾರದ ಹಳೆಯ ಇಎನ್-ಇಎಲ್15, 15ಎ ಆಗುವುದಿಲ್ಲ. ಇಒಎಸ್ ಆರ್‌ನಲ್ಲೂ ಎಲ್‌ಪಿ-ಇ6ಎನ್ ಆಗುತ್ತದೆ, ಹಳೆಯ ಎಲ್‌ಪಿ-ಇ6 ಆಗದು.

ಕಾರ್ಡ್ ವಿಷಯದಲ್ಲಿ ಎಕ್ಸ್-ಟಿ3 ಮೇಲು. ಎರಡು ಸ್ಲಾಟ್, ಎರಡೂ ವೇಗದ ಯುಎಚ್‌ಎಸ್-2. ಎ7 ಮಾರ್ಕ್ 3ರಲ್ಲಿ ಎರಡಿದ್ದರೂ ಮೊದಲನೆಯದು ಮಾತ್ರ ಯುಎಚ್‌ಎಸ್-2. ಎರಡಕ್ಕೂ ಒಟ್ಟಿಗೆ ಬರೆಯಲು ಬಿಟ್ಟರೆ ಬರ್ಸ್ಟ್ (ಸಾಲಾಗಿ ಒಂದೇ ಸಮನೆ ತೆಗೆಯುವುದು) ನಂತರ ಕಾಯಬೇಕು. ಝಡ್6, ಇಒಎಸ್ ಆರ್‌ಗೆ ಒಂದೊಂದೇ ಸ್ಲಾಟ್. ಮದುವೆಯಂಥ ಮತ್ತೆ ಸಿಗದ ಸಂದರ್ಭಕ್ಕೆ ನಾನು ಈ ಎರಡನ್ನು ಒಂಟಿಯಾಗಿ ಒಯ್ಯಲಾರೆ. ಝಡ್6ರ ಎಕ್ಸ್‌ಕ್ಯೂಡಿ ಕಾರ್ಡ್ ಮಾತ್ರ ಗಟ್ಟಿಮುಟ್ಟು. ಎಸ್‌ಡಿ ಕಾರ್ಡಿನ ಬದಿಯ ಲಾಕ್ ಸಡಿಲವಾಗಿ ಜಾರಿದರೂ 'ಕಾರ್ಡ್ ಲಾಕ್ ಆಗಿದೆ' ಅಂತ ಬರುತ್ತದೆ, ಇದರಲ್ಲಿ ಆ ಕಾಟ ಇಲ್ಲ.

ನಾಲ್ಕರಲ್ಲಿ ಒಂದರಲ್ಲಿ ಹಿಂದಿನ ಸ್ಕ್ರೀನ್ ಆಗಾಗ ಕಪ್ಪಾಗುತ್ತಿತ್ತು. ಇದು ಯಾವ ಬ್ರಾಂಡಿನಲ್ಲೂ ಆಗಬಹುದು. ವ್ಯೂಫೈಂಡರ್ ಪಕ್ಕ ಕಣ್ಣು ಬಂತಾ ಅಂತ ನೋಡುವ ಪುಟ್ಟ ಸೆನ್ಸರ್ ಇರುತ್ತದೆ. ಅದರ ಮೇಲೆ ಬೆವರು ಒಣಗಿ ಕೂತಿತ್ತು, ಕ್ಯಾಮೆರಾ ಯಾರೋ ಇಣುಕುತ್ತಿದ್ದಾರೆ ಅಂದುಕೊಂಡು ಸ್ಕ್ರೀನ್ ಆರಿಸುತ್ತಿತ್ತು. ಮೆತ್ತನೆ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಯಾಯಿತು. ಕುತ್ತಿಗೆ ಪಟ್ಟಿ ಅಡ್ಡ ಬಂದರೂ ಹೀಗೇ ಆಗುತ್ತದೆ. ವ್ಯೂಫೈಂಡರ್ ಮಸುಕಾಗಿದ್ದರೆ ಒಳಗಿನ ಅಂಕಿಗಳನ್ನು ನೋಡಿ. ಅವೂ ಮಸುಕಾಗಿದ್ದರೆ ಲೆನ್ಸ್ ತಪ್ಪಿಲ್ಲ, ಕಣ್ಣಿನ ದೃಷ್ಟಿಗೆ ಹೊಂದಿಸುವ ಪಕ್ಕದ ಡಯಾಪ್ಟರ್ ಚಕ್ರ ತಿರುಗಿದೆ. ಇನ್ನು ಸೆನ್ಸರ್ ಸ್ಟೆಬಿಲೈಸೇಷನ್ ಇರುವ ಹಲವು ಬಾಡಿಗಳು ಆಫ್ ಇದ್ದಾಗ ಅಲ್ಲಾಡಿಸಿದರೆ ಕಟಕಟ ಅನ್ನುತ್ತವೆ. ಅದು ಸಹಜ.

ಬಣ್ಣದ ಬಗ್ಗೆ ಎರಡೇ ಮಾತು. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು ಕೂತು ತಿದ್ದುವವರಿಗೆ ಬ್ರಾಂಡಿನ ಬಣ್ಣ ಮುಖ್ಯವೇ ಅಲ್ಲ. ಜೆಪೆಗ್‌ನಲ್ಲೇ ಮುಗಿಸುವವರು ಫ್ಯೂಜಿಯ ಕ್ಲಾಸಿಕ್ ಕ್ರೋಮ್, ಅಕ್ರೋಸ್ ಅನ್ನುವ ಫಿಲ್ಮ್ ಶೈಲಿಗಳನ್ನು ಒಮ್ಮೆ ನೋಡಲೇಬೇಕು.

ನನ್ನ ಆಯ್ಕೆ

ನಾನು ಝಡ್6 ಇಟ್ಟುಕೊಂಡೆ. ಹಳೆಯ ಲೆನ್ಸ್‌ಗಳ ಹುಚ್ಚು ಇರುವವನಿಗೆ ಅದರ ವ್ಯೂಫೈಂಡರ್, ಸೆನ್ಸರ್ ಸ್ಟೆಬಿಲೈಸೇಷನ್, ಲೆನ್ಸ್ ವಿವರ ತುಂಬಿಡುವ ಆ ಪಟ್ಟಿ ಮೂರೂ ಒಟ್ಟಿಗೆ ಇರುವುದು ದೊಡ್ಡದು. ಮನೆಯಲ್ಲಿ ಇಎಫ್ ಲೆನ್ಸ್‌ಗಳಿದ್ದರೆ ಯೋಚನೆ ಮಾಡದೆ ಇಒಎಸ್ ಆರ್ ತೆಗೆದುಕೊಳ್ಳಿ. ಹಕ್ಕಿ, ಆಟೋಟ ಅಂದರೆ ಸೋನಿ. ಈಗಷ್ಟೇ ಕಲಿಯುತ್ತಿರುವವರಿಗೆ ನಾನು ಎಕ್ಸ್-ಟಿ3 ಹೇಳುತ್ತೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ನಂಬರ್ ನೋಡಿ. ಝಡ್6ಕ್ಕೆ ಕಣ್ಣು ಗುರುತಿಸುವ ಆಟೋಫೋಕಸ್ ಬಂದದ್ದು 2019ರ ಮೇ ತಿಂಗಳ 2.0ರಲ್ಲಿ. ಎ7 ಮಾರ್ಕ್ 3ಕ್ಕೆ ಪ್ರಾಣಿಗಳ ಕಣ್ಣು ಹಿಡಿಯುವ ಶಕ್ತಿ ಬಂದದ್ದು 2019ರ ಏಪ್ರಿಲ್‌ನ 3.0ರಲ್ಲಿ. ಎಕ್ಸ್-ಟಿ3ರ ಫೋಕಸ್ ನಿಜವಾಗಿ ಚುರುಕಾದದ್ದು 2020ರ 4.00 ಬಂದ ಮೇಲೆ. ಹಳೆಯ ಫರ್ಮ್‌ವೇರ್ ಇರುವ ಬಾಡಿ ಹಿಡಿದು ಫೋಕಸ್ ಸರಿಯಿಲ್ಲ ಅಂತ ತೀರ್ಮಾನ ಮಾಡಬೇಡಿ. ಅಪ್‌ಡೇಟ್ ಉಚಿತ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ ಕಾರ್ಡ್ ಬಳಸಿ, ಅಪ್‌ಡೇಟ್ ನಡೆಯುವಾಗ ಆಫ್ ಮಾಡಬೇಡಿ. ಸೋನಿಯದ್ದು ಮಾತ್ರ ಕಾರ್ಡಿನಿಂದ ಆಗದು, ಕಂಪ್ಯೂಟರ್‌ಗೆ ಕೇಬಲ್ ಹಾಕಿ ಮಾಡಬೇಕು.