ಗಾಳಿ ಹಿಡಿದ ಪಂಪಿನ ಲೆಕ್ಕ: ಒಂದು ತಂತ್ರಾಂಶದ ಜೊತೆ ಎರಡು ವರ್ಷ

ಚಿತ್ರದುರ್ಗದ ಕಡೆಯ ನಮ್ಮ ತೋಟದಲ್ಲಿ ಬೇಸಿಗೆ ಬಂತೆಂದರೆ ಬೋರ್‌ವೆಲ್ ಕೆಮ್ಮುತ್ತಾ ನೀರು ಬಿಡುತ್ತಿತ್ತು. "ಪಂಪು ಗಾಳಿ ಹಿಡಿದಿದೆ, ಸ್ಟಾರ್ಟರ್ ಆರಿಸು" ಎನ್ನುತ್ತಿದ್ದರು ಅಪ್ಪ. ಈಗ ಓಮಾನಿನ ಮರುಭೂಮಿಯಲ್ಲಿ ನಾನು ಸಂಬಳ ಎಣಿಸುವುದೂ ಅದೇ ಗಾಳಿಯ ದೆಸೆಯಿಂದ. ತೈಲಬಾವಿಗೆ ಇಳಿಸಿದ ಸಬ್‌ಮರ್ಸಿಬಲ್ ಪಂಪಿಗೆ ಎಣ್ಣೆಯ ಜೊತೆ ಅನಿಲವೂ ನುಗ್ಗಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಡುವ ತಂತ್ರಾಂಶವೊಂದನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಬೈಯುವುದು ಸ್ವಲ್ಪ ಇದೆ, ಆದ್ದರಿಂದ ಹೆಸರು ಹೇಳುವುದಿಲ್ಲ.

ಮೊದಲು ಹೊಗಳಿಕೆ. ಇಂತಹ ಪಂಪಿನಲ್ಲಿ ಒತ್ತಡ ಏರಿಸುವ ಹಂತಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ, ಅವೇ ಸ್ಟೇಜುಗಳು. ನೀರಿನ ಪಂಪಿನಲ್ಲಿ ಒಂದು ಸ್ಟೇಜಿನ ಒತ್ತಡವನ್ನು ಸ್ಟೇಜುಗಳ ಸಂಖ್ಯೆಯಿಂದ ಗುಣಿಸಿದರೆ ಕೆಲಸ ಮುಗಿಯಿತು. ಅನಿಲ ಸೇರಿದಾಗ ಹಾಗಲ್ಲ. ಕೆಳಗಿನ ಸ್ಟೇಜುಗಳು ಅನಿಲವನ್ನು ಹಿಂಡುತ್ತವೆ, ಗಾತ್ರ ಕುಗ್ಗುತ್ತದೆ, ಮೇಲಿನವುಗಳಿಗೆ ಸಿಗುವುದು ಬಹುಪಾಲು ದ್ರವವೇ. ಈ ತಂತ್ರಾಂಶ 120 ಸ್ಟೇಜುಗಳಿಗೂ ಒಂದೊಂದು ಸಾಲು ಬರೆದುಕೊಡುತ್ತದೆ. ಯಾವ ಸ್ಟೇಜು ದುಡಿಯುತ್ತಿದೆ, ಯಾವುದು ಸುಮ್ಮನೆ ತಿರುಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಈ ಕೋಷ್ಟಕಕ್ಕೆ ಪೂರ್ಣ ಅಂಕ.

ತಕರಾರು ಇರುವುದು ಇನ್ನೊಂದು ಕಡೆ. ಸ್ಟೇಜಿನೊಳಗೆ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ದ್ರವವನ್ನು ಹೊರಕ್ಕೆ ಎಸೆಯುತ್ತದೆ. ಸಣ್ಣ ಗುಳ್ಳೆಗಳು ದ್ರವದ ಸೆಳೆತಕ್ಕೆ ಸಿಕ್ಕಿ ಅದರ ಜೊತೆಗೇ ಹೋಗುತ್ತವೆ. ದೊಡ್ಡವು ಒತ್ತಡ ಕಡಿಮೆಯಿರುವ ಒಳಬಾಯಿಯ ಹತ್ತಿರವೇ ಉಳಿದು, ಒಂದಕ್ಕೊಂದು ಕೂಡಿ, ದಾರಿಗೆ ಅಡ್ಡ ಕೂರುತ್ತವೆ. ಆಗ ಪಂಪಿನ ಒತ್ತಡ ಮೆಲ್ಲಗೆ ಇಳಿಯುವುದಿಲ್ಲ, ದಡಕ್ಕನೆ ಕುಸಿಯುತ್ತದೆ. ತಂತ್ರಾಂಶ ಮಾತ್ರ ಬೆಣ್ಣೆಯಲ್ಲಿ ಎಳೆದಂತಹ ನುಣುಪು ಗೆರೆಯನ್ನು ತೋರಿಸುತ್ತದೆ.

ಕುಸಿತದ ಎಚ್ಚರಿಕೆಗೆ ಅದು ನೆಚ್ಚಿಕೊಂಡಿರುವುದು 1986ರ ಟರ್ಪಿನ್ ಸೂತ್ರವನ್ನು: ಪಂಪಿನ ಬಾಯಲ್ಲಿ ಅನಿಲ ಮತ್ತು ದ್ರವದ ಅನುಪಾತವನ್ನು 666ರಿಂದ ಗುಣಿಸಿ, ಅಲ್ಲಿನ ಒತ್ತಡದಿಂದ (ಪಿಎಸ್‌ಐಯಲ್ಲಿ, ಅಂದರೆ ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಲೆಕ್ಕದಲ್ಲಿ) ಭಾಗಿಸಬೇಕು. ಉತ್ತರ 1ಕ್ಕಿಂತ ಕಡಿಮೆ ಬಂದರೆ ಕ್ಷೇಮ. ಕೈಬೆರಳಲ್ಲೇ ಮಾಡಬಹುದಾದ ಲೆಕ್ಕ, ಅದಕ್ಕೇ ನನಗೂ ಇಷ್ಟ. ಆದರೆ ಇದರಲ್ಲಿ ಪಂಪಿನ ವೇಗವಿಲ್ಲ, ಎಣ್ಣೆಯ ಸ್ನಿಗ್ಧತೆಯೂ ಇಲ್ಲ. ವೇಗ ಹೆಚ್ಚಿದರೆ ಗುಳ್ಳೆ ಒಡೆದು ಸಣ್ಣದಾಗುತ್ತದೆ ಎಂದು ಗೊತ್ತಿರುವವರಿಗೆ ಇದು ಚುಚ್ಚುತ್ತದೆ.

ಕಳೆದ ವರ್ಷದ ಒಂದು ಬಾವಿಯ ಕಥೆ. ಬಾಯಿಯ ಒತ್ತಡ 300 ಪಿಎಸ್‌ಐ, ಪಂಪಿನ ಮುಂಚೆಯೇ ಅನಿಲವನ್ನು ಬೇರ್ಪಡಿಸುವ ಸೆಪರೇಟರಿಗೆ ಬರುವ ಮೊದಲು ಪ್ರತಿ ಒಂದು ಪಾಲು ದ್ರವಕ್ಕೆ ಒಂದೂವರೆ ಪಾಲು ಅನಿಲ. ತಂತ್ರಾಂಶ 0.67 ಎಂದಿತು, ಹಸಿರು ದೀಪ ತೋರಿಸಿತು. ಪಂಪು ಇಳಿಸಿದ ಮೂರನೆಯ ದಿನ ಮೋಟಾರಿನ ಆಂಪಿಯರ್ 42ರಿಂದ 31ಕ್ಕೆ, ಮತ್ತೆ 44ಕ್ಕೆ ಗರಗಸದ ಹಲ್ಲಿನಂತೆ ಕುಣಿಯತೊಡಗಿತು. ರಾತ್ರಿ ಎರಡು ಗಂಟೆಗೆ ಅಂಡರ್‌ಲೋಡ್ ಟ್ರಿಪ್: ಹೊರೆ ತೀರಾ ಇಳಿದು ಮೋಟಾರು ತಾನಾಗಿಯೇ ನಿಂತಿತು. ಮರುದಿನ ಹುಡುಕಿದರೆ, ಮೂರು ಕಿಟಕಿಗಳ ಹಿಂದೆ ಗ್ಯಾಸ್ ಸೆಪರೇಟರಿನ ದಕ್ಷತೆ ಎಂಬ ಒಂದು ಚೌಕ. ಅದರಲ್ಲಿ ನಾನು ತುಂಬದ, ತಾನಾಗಿಯೇ ಕೂತಿದ್ದ 80, ಅಂದರೆ ಶೇಕಡಾ 80ರಷ್ಟು ಅನಿಲ ಪಂಪಿಗೆ ಹೋಗದೆ ಬೇರಾಗುತ್ತದೆ ಎಂಬ ಊಹೆ. ಅದನ್ನು 50 ಮಾಡಿದೆ. 0.67 ಹೋಗಿ 1.67 ಆಯಿತು. ಹಸಿರಿದ್ದದ್ದು ಕೆಂಪಾಯಿತು. ನೋಡದೆ ಮುಂದೆ ಹೋದದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಇಡೀ ಲೆಕ್ಕವನ್ನೇ ಮಗುಚುವ ಅಂಕಿಯನ್ನು ಹಾಗೆ ಅಡಗಿಸಿಡುವವರನ್ನು ಏನೆನ್ನಬೇಕು? ಖಾಲಿ ಬಿಡಿ, ನಾವೇ ತುಂಬುತ್ತೇವೆ ಎಂದು ಬರೆದು ಕಳಿಸಿದೆ. ಹೊಸ ಆವೃತ್ತಿ ಬಂದಿದೆ, ಬಣ್ಣ ಬದಲಾಗಿದೆ, 80 ಕದಲಿಲ್ಲ.

ಸಹಾಯವಾಣಿಯವರು ಸಭ್ಯರು, ಉತ್ತರ ಎರಡು ದಿನದಲ್ಲಿ ಬರುತ್ತದೆ. ಅನಿಲ ಹೆಚ್ಚಿದ್ದರೂ ತಳ್ಳಬಲ್ಲ ಹೆಲಿಕೋ-ಆಕ್ಸಿಯಲ್ ಪಂಪುಗಳ ಪಟ್ಟಿ ಮಾತ್ರ ತಂತ್ರಾಂಶದಲ್ಲಿ ಬಡವಾಗಿದೆ.

ವರ್ಷದ ಪರವಾನಗಿಯ ದುಡ್ಡಿನಲ್ಲಿ ನಮ್ಮೂರಲ್ಲಿ ಒಂದು ಬೋರ್ ಕೊರೆಸಿ ಮೋಟಾರನ್ನೂ ಇಳಿಸಬಹುದು. ಅನಿಲ ಕಡಿಮೆಯಿರುವ ಬಾವಿಗಳೇ ಹೆಚ್ಚಿದ್ದರೆ ಧಾರಾಳವಾಗಿ ಕೊಳ್ಳಿ. ಇಲ್ಲವಾದರೆ ಒಂದು ತಿಂಗಳು ಉಚಿತವಾಗಿ ಕೊಡುತ್ತಾರೆ. ನಿಮ್ಮದೇ ಬಾವಿಯೊಂದು ಟ್ರಿಪ್ ಆದ ದಿನದ ಅಂಕಿಗಳನ್ನು ಹಾಕಿ, ದೀಪ ಯಾವ ಬಣ್ಣಕ್ಕೆ ಬರುತ್ತದೆ ನೋಡಿ.